ಒಂದು ಕೆರೆ, ಹಲವು ವಿದ್ಯೆ: ಬಹುಶ್ರುತರಾಗಬೇಕೆನ್ನುವವರಿಗೆ ಕೆಲವು ಹೆಜ್ಜೆಗಳು

ಬಹುಶ್ರುತ ಎಂಬ ಪದವನ್ನು ನಾವು ದೊಡ್ಡ ವಿದ್ವಾಂಸರ ಹೆಸರಿನ ಮುಂದೆ ಬಿರುದಿನಂತೆ ಬಳಸುತ್ತೇವೆಯೇ ಹೊರತು ಅದರ ಅರ್ಥವನ್ನು ಬಿಡಿಸಿ ನೋಡುವುದು ಕಡಿಮೆ. ಶ್ರುತ ಎಂದರೆ ಕೇಳಿದ್ದು. ಬಹುಶ್ರುತ ಎಂದರೆ ಬಹಳ ಕೇಳಿಸಿಕೊಂಡವನು. ಪುಸ್ತಕ ಅಪರೂಪವಾಗಿದ್ದ ಕಾಲದ ಪದವಾದ್ದರಿಂದ ಹಾಗಿದೆ ಎಂದು ಹೇಳಿ ಮುಂದೆ ಹೋಗಬಹುದು. ಆದರೆ ಈ ಹೆಸರಿಗೆ ನಿಜವಾಗಿ ತಕ್ಕವರಾಗಿದ್ದ ಶಿವರಾಮ ಕಾರಂತ, ಬಿ.ಜಿ.ಎಲ್. ಸ್ವಾಮಿ, ಪೂರ್ಣಚಂದ್ರ ತೇಜಸ್ವಿಯಂಥವರು ಕೆಲಸ ಮಾಡಿದ ರೀತಿಯನ್ನು ಗಮನಿಸಿದರೆ, ಅವರ ತಿಳಿವಳಿಕೆಯ ದೊಡ್ಡ ಪಾಲು ಗ್ರಂಥಾಲಯದ ಹೊರಗೆ, ಕಾಡಿನಲ್ಲಿ, ರಂಗಸ್ಥಳದಲ್ಲಿ, ತೋಟದಲ್ಲಿ, ಕೈಯಾರೆ ಕೆಲಸ ಮಾಡುವವರ ಮಾತಿನಲ್ಲಿ ಸಿಕ್ಕಿದ್ದು ಎಂಬುದು ಎದ್ದು ಕಾಣುತ್ತದೆ. ಹಳೆಯ ಪದ ಸರಿಯಾಗಿಯೇ ಇದೆ.

ಈ ಲೇಖನ ಒಂದು ಉದ್ಯೋಗ, ಒಂದು ಸಂಸಾರ, ವಾರಕ್ಕೆ ನಾಲ್ಕೈದು ಗಂಟೆಗಳ ಬಿಡುವು ಇರುವವರಿಗಾಗಿ ಬರೆದದ್ದು. ಇದರಲ್ಲಿ ನೆನಪಿನ ಶಕ್ತಿ ಹೆಚ್ಚಿಸುವ ಉಪಾಯಗಳಿಲ್ಲ, ವರ್ಷಕ್ಕೆ ನೂರು ಪುಸ್ತಕ ಓದುವ ಪಟ್ಟಿಯೂ ಇಲ್ಲ. ನಾನು ಹೇಳುವುದು ಒಂದೇ ಮಾತು: ಹಲವು ಶಾಸ್ತ್ರಗಳನ್ನು ಒಂದಾದ ಮೇಲೊಂದರಂತೆ ಓದಿ ಮುಗಿಸಲು ಹೊರಡಬೇಡಿ, ಒಂದು ವಸ್ತುವನ್ನು ಗಟ್ಟಿಯಾಗಿ ಹಿಡಿಯಿರಿ, ಅದು ಯಾವ ಯಾವ ಶಾಸ್ತ್ರದ ಬಾಗಿಲಿಗೆ ಕರೆದುಕೊಂಡು ಹೋಗುತ್ತದೆಯೋ ಅಲ್ಲಿಗೆಲ್ಲ ಹೋಗಿ ಬನ್ನಿ. ಹಾಗೆ ಮಾಡಿದಾಗ ಕಲಿತದ್ದು ಒಂದಕ್ಕೊಂದು ಹೆಣೆದುಕೊಂಡು ನಿಲ್ಲುತ್ತದೆ. ಪಟ್ಟಿ ಹಿಡಿದು ಓದಿದರೆ ಉಳಿಯುವುದು ಹಿರಿಯರು ಹೇಳುತ್ತಿದ್ದ ಪಲ್ಲವಗ್ರಾಹಿ ಪಾಂಡಿತ್ಯ, ಅಂದರೆ ಪ್ರತಿ ಗಿಡದಿಂದ ಒಂದೊಂದು ಚಿಗುರು ಕಿತ್ತುಕೊಂಡು ಬಂದ ಹಾಗೆ. ಉದಾಹರಣೆಗೆ ನಾನು ಕೆರೆಯನ್ನು ತೆಗೆದುಕೊಂಡಿದ್ದೇನೆ, ಏಕೆಂದರೆ ನಾನು ಕೋಲಾರದ ಕಡೆಯವನು. ನಮ್ಮಲ್ಲಿ ನದಿಗಿಂತ ಹೆಚ್ಚು ಕಾಣುವುದು ಕೆರೆ.

ಮೊದಲು ಒಂದು ಬೇರು ಇದೆಯೇ ನೋಡಿಕೊಳ್ಳಿ

ಹಲವು ವಿಷಯ ಬಲ್ಲವರೆಲ್ಲರೂ ಒಂದು ವಿಷಯವನ್ನು ಆಳವಾಗಿ ಬಲ್ಲವರಾಗಿದ್ದರು ಎಂಬುದನ್ನು ನಾವು ಮರೆಯುತ್ತೇವೆ. ಬಿ.ಜಿ.ಎಲ್. ಸ್ವಾಮಿಯವರು (1918–1980) ಶಾಸನ, ಸಾಹಿತ್ಯ ಚರಿತ್ರೆ, ಹಾಸ್ಯ, ಸಂಗೀತ ಎಂದು ಎಲ್ಲ ಕಡೆ ಓಡಾಡಿದರೂ ಅವರ ದಿನದ ಕೆಲಸ ಸಸ್ಯಶಾಸ್ತ್ರ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರೂ ಪ್ರಾಂಶುಪಾಲರೂ ಆಗಿದ್ದವರು. ಸೂಕ್ಷ್ಮದರ್ಶಕದ ಕೆಳಗೆ ಗಿಡದ ಒಳರಚನೆಯನ್ನು ವರ್ಷಗಟ್ಟಲೆ ನೋಡಿದ ಕಣ್ಣು ಉಳಿದ ವಿಷಯಗಳನ್ನೂ ಅದೇ ಶಿಸ್ತಿನಿಂದ ನೋಡಿತು.

ಬೇರು ಎಂದರೆ ಪದವಿಯೇ ಆಗಬೇಕಾಗಿಲ್ಲ. ಕಾರಂತರು (1902–1997) ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನು ಅರ್ಧಕ್ಕೇ ಬಿಟ್ಟವರು. ಆದರೆ ಯಕ್ಷಗಾನವನ್ನು ಅವರು ಹಿಡಿದದ್ದು ದಶಕಗಳ ಕಾಲ. ಪ್ರಸಂಗಗಳ ಹಳೆಯ ಪ್ರತಿಗಳನ್ನು ಹುಡುಕಿದರು, ವೇಷ, ರಾಗ, ಕುಣಿತ ಒಂದೊಂದನ್ನೂ ಬಿಡಿಸಿ ನೋಡಿದರು, ತಾವೇ ಗೆಜ್ಜೆ ಕಟ್ಟಿದರು. 1959ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಕಾದಂಬರಿಗಲ್ಲ, ಯಕ್ಷಗಾನ ಬಯಲಾಟದ ಮೇಲಿನ ಆ ಅಧ್ಯಯನಕ್ಕೆ. ನಿಮ್ಮ ಬೇರು ಲೆಕ್ಕಪತ್ರ ಆಗಿರಬಹುದು, ನರ್ಸಿಂಗ್ ಆಗಿರಬಹುದು, ಮೋಟಾರು ರಿಪೇರಿ ಆಗಿರಬಹುದು. ಪರೀಕ್ಷೆ ಸರಳವಾಗಿದೆ: ಆ ವಿಷಯದ ಮೇಲೆ ಪತ್ರಿಕೆಯಲ್ಲಿ ತಪ್ಪು ವಾಕ್ಯ ಬಂದರೆ ಅದು ತಪ್ಪು ಎಂದು ನಿಮಗೆ ಕೂಡಲೇ ತಿಳಿಯಬೇಕು, ಏಕೆ ತಪ್ಪು ಎಂದು ವಿವರಿಸಲೂ ಬರಬೇಕು. ಅಂಥ ವಿಷಯ ಒಂದೂ ಇಲ್ಲವೆಂದರೆ, ಎರಡು ವರ್ಷ ಬೇರೆಲ್ಲ ಬದಿಗಿಟ್ಟು ಅದನ್ನು ಮೊದಲು ಸಂಪಾದಿಸಿಕೊಳ್ಳುವುದು ಒಳ್ಳೆಯದು. ಒಂದರಲ್ಲಾದರೂ ಖಚಿತತೆ ಎಂದರೇನೆಂದು ಕಂಡವನಿಗೆ ಮಾತ್ರ ಇನ್ನೊಂದರಲ್ಲಿ ತನಗೆ ಎಷ್ಟು ಗೊತ್ತಿಲ್ಲ ಎಂಬುದರ ಅಂದಾಜು ಸಿಗುತ್ತದೆ.

ವಸ್ತುವನ್ನು ಆರಿಸುವ ಬಗೆ

ವಸ್ತು ನಡೆದು ಹೋಗುವಷ್ಟು ಹತ್ತಿರ ಇರಬೇಕು, ಹಳೆಯದಾಗಿರಬೇಕು, ಅದರ ಮೇಲೆ ಇಂದಿಗೂ ಯಾರಾದರೂ ಕೆಲಸ ಮಾಡುತ್ತಿರಬೇಕು, ಕಾಲಕಾಲಕ್ಕೆ ಬದಲಾಗುತ್ತಿರಬೇಕು. ಕೆರೆಗೆ ಈ ನಾಲ್ಕೂ ಗುಣಗಳಿವೆ. ನಗರದಲ್ಲಿರುವವರು ಕೆರೆ ಎಲ್ಲಿಂದ ತರುವುದು ಎಂದು ಕೇಳಬಾರದು; ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಇಲ್ಲದ ಕೆರೆಯನ್ನು ಓದುವುದು ಇರುವ ಕೆರೆಯನ್ನು ಓದುವುದಕ್ಕಿಂತ ಒಂದು ಕೈ ಹೆಚ್ಚು ಕುತೂಹಲದ ಕೆಲಸ.

ಹೊರದೇಶದಲ್ಲಿರುವ ಕನ್ನಡಿಗರಿಗೆ ಒಗ್ಗರಣೆ ಡಬ್ಬಿಯೇ ಸಾಕು. ಒಂದು ಒಣಮೆಣಸಿನಕಾಯಿಯನ್ನು ಕೈಗೆತ್ತಿಕೊಳ್ಳಿ. ಅದು ಅಮೆರಿಕ ಖಂಡದ ಗಿಡ, ಪೋರ್ಚುಗೀಸರ ಮೂಲಕ 16ನೇ ಶತಮಾನದಲ್ಲಿ ನಮಗೆ ಬಂದದ್ದು. ಹೊಸಬನಾದ ಅದಕ್ಕೆ ನಾವು ನಮ್ಮ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದೆವು. ಆಮೇಲೆ ಹಳೆಯ ಮೆಣಸಿಗೇ ಕಾಳುಮೆಣಸು, ಒಳ್ಳೆಮೆಣಸು ಎಂದು ವಿಶೇಷಣ ಹಚ್ಚಬೇಕಾಯಿತು. ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ಹಾಕದೆ ಕಾಳುಮೆಣಸನ್ನೇ ಹಾಕುವ ಮನೆಗಳು ಇವತ್ತಿಗೂ ಇವೆ. ಪೋರ್ಚುಗೀಸರು ಬರುವ ಮುಂಚಿನ ಅಡುಗೆಯನ್ನು ಆ ಒಂದು ದಿನದ ಒಲೆ ಹೀಗೆ ನೆನಪಿಟ್ಟುಕೊಂಡಿದೆ. ಸಸ್ಯಶಾಸ್ತ್ರ, ವ್ಯಾಪಾರದ ಚರಿತ್ರೆ, ಭಾಷಾಶಾಸ್ತ್ರ, ಧರ್ಮಾಚರಣೆ ಎಲ್ಲವೂ ಒಂದು ಕಾಯಿಯಲ್ಲಿ ಸಿಕ್ಕವು. ಈ ಜಾಡಿನಲ್ಲಿ ನಮ್ಮ ಊಟದ ತಟ್ಟೆಯನ್ನೆಲ್ಲ ಜಾಲಾಡಿದವರು ಸ್ವಾಮಿಯವರೇ. ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ ಕುಳಿತಿದೆ ಎಂದು ಪುಸ್ತಕದ ಹೆಸರಿನಲ್ಲಿಯೇ ಹೇಳಿದವರು. ನಾನು ಕೆರೆಗೆ ಹಿಂತಿರುಗುತ್ತೇನೆ.

ಮೊದಲ ಎರಡು ತಿಂಗಳು: ನೋಡಿ, ಬರೆಯಿರಿ, ಪದ ಕೂಡಿಸಿ

ಮೊದಲು ಪುಸ್ತಕ ತೆರೆಯಬೇಡಿ. ನೂರು ಪುಟದ ಗೆರೆಯಿಲ್ಲದ ನೋಟ್‌ಬುಕ್ಕನ್ನೂ ಒಂದು ಪೆನ್ಸಿಲನ್ನೂ ತೆಗೆದುಕೊಂಡು ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ಹೆಜ್ಜೆ ಎಣಿಸಿ. ಏರಿ ನೇರವಾಗಿದೆಯೋ ಬಾಗಿದೆಯೋ, ನೀರಿನ ಕಡೆಯ ಇಳಿಜಾರಿಗೆ ಕಲ್ಲು ಹೊದಿಸಿದ್ದಾರೋ ಇಲ್ಲವೋ, ತೂಬು (ಏರಿಯ ಅಡಿಯಿಂದ ಗದ್ದೆಗೆ ನೀರು ಬಿಡುವ, ಬಿರಡೆ ಹಾಕಿದ ಕಿಂಡಿ) ಎಲ್ಲಿದೆ, ಕೋಡಿ ಯಾವ ಕಡೆಗಿದೆ ಎಂದು ನೋಡಿ ಚಿತ್ರ ಬರೆಯಿರಿ. ಫೋಟೊ ತೆಗೆದರೆ ಸಾಲದೇ ಎಂದು ಕೇಳುವವರಿದ್ದಾರೆ, ಸಾಲದು. ಫೋಟೊ ತೆಗೆಯುವಾಗ ಕಣ್ಣು ತಪ್ಪಿಸಿಕೊಳ್ಳಬಹುದು, ಚಿತ್ರ ಬರೆಯುವಾಗ ತಪ್ಪಿಸಿಕೊಳ್ಳಲಾಗುವುದಿಲ್ಲ, ಏಕೆಂದರೆ ತೂಬಿನ ಕಂಬಗಳು ಎರಡೋ ನಾಲ್ಕೋ ಎಂದು ಕೈ ಕೇಳುತ್ತದೆ. ಸ್ವಾಮಿಯವರು ತಮ್ಮ ಪುಸ್ತಕದ ಗಿಡಗಳ ರೇಖಾಚಿತ್ರಗಳನ್ನು ತಾವೇ ಬರೆದುಕೊಳ್ಳುತ್ತಿದ್ದರು. ತೇಜಸ್ವಿಯವರು ಹಕ್ಕಿಯ ಒಂದು ಚಿತ್ರಕ್ಕಾಗಿ ಗಂಟೆಗಟ್ಟಲೆ ಅಡಗಿ ಕೂರುತ್ತಿದ್ದರು; ಅಷ್ಟು ಹೊತ್ತು ಕೂರುವವರಾದರೆ ಕ್ಯಾಮೆರಾಕ್ಕೆ ನನ್ನ ಆಕ್ಷೇಪವಿಲ್ಲ.

ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಪದಗಳ ಪಟ್ಟಿ ಬೆಳೆಸುತ್ತ ಹೋಗಿ. ಏರಿ, ತೂಬು, ಕೋಡಿ, ಅಚ್ಚುಕಟ್ಟು, ಹೂಳು, ಅಂಗಳ, ರಾಜಕಾಲುವೆ, ನೀರುಗಂಟಿ: ಒಂದೊಂದು ಪದವೂ ಒಂದೊಂದು ವಿದ್ಯೆಯ ಬೀಗದ ಕೈ. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹರಿಯುವುದನ್ನು ನಮ್ಮ ಕಡೆ ಕೆರೆ ಕೋಡಿ ಬಿತ್ತು ಎನ್ನುತ್ತಾರೆ. ಹಾಗೆ ನೀರು ಹೋಗುವ ಕಡೆ ಬೆಳೆದ ಊರು ಕೋಡಿಹಳ್ಳಿ. ದಾವಣಗೆರೆಯಲ್ಲಿ ಕೆರೆ ಏಕೆ ಗೆರೆಯಾಯಿತು ಎಂದು ಹುಡುಕಿದರೆ ಶಾಲೆಯಲ್ಲಿ ಬಾಯಿಪಾಠ ಮಾಡಿ ಮರೆತಿದ್ದ ಆದೇಶ ಸಂಧಿ ಎದುರಿಗೆ ಬಂದು ನಿಲ್ಲುತ್ತದೆ. ವ್ಯಾಕರಣವನ್ನು ನಾನು ಎರಡನೆಯ ಸಲ ಕಲಿತದ್ದು ಹೀಗೆ, ಊರ ಹೆಸರಿನ ಬೋರ್ಡುಗಳನ್ನು ಓದುತ್ತ.

ಕೇಳುವುದು

ಶಾಸ್ತ್ರದಿಂದ ಕೆಲವನ್ನು, ಬಲ್ಲವರಿಂದ ಕೆಲವನ್ನು, ಮಾಡುವವರನ್ನು ನೋಡಿ ಕೆಲವನ್ನು ಕಲಿಯಬೇಕೆಂದು ಹೇಳುವ ಸೋಮೇಶ್ವರ ಶತಕದ ಪದ್ಯ ನಮಗೆಲ್ಲ ಬಾಯಿಗೆ ಬರುತ್ತದೆ. ಅದರಲ್ಲಿ ನಾವು ಸುಲಭವಾಗಿ ಬಿಟ್ಟುಬಿಡುವುದು ‘ಮಾಳ್ಪವರಿಂದ’ ಎಂಬ ಭಾಗವನ್ನು. ಓದಿದವರಿಗೆ ಓದದವರನ್ನು ಕೇಳಲು ಒಂದು ಬಗೆಯ ಸಂಕೋಚವಿರುತ್ತದೆ. ಕೆರೆಯ ವಿಷಯದಲ್ಲಿ ಮಾಡುವವನು ಎಂದರೆ ನೀರುಗಂಟಿ, ಅಂದರೆ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು. ಅನೇಕ ಊರುಗಳಲ್ಲಿ ಆ ಕೆಲಸ ನಿಂತುಹೋಗಿದ್ದರೂ ಮಾಡಿದ ಹಿರಿಯರು ಸಿಗುತ್ತಾರೆ.

ಕೇಳುವುದಕ್ಕೂ ಒಂದು ಕ್ರಮವಿದೆ. ಈ ಕೆರೆಯ ಇತಿಹಾಸವೇನು ಎಂದು ಕೇಳಿದರೆ ಎಲ್ಲರೂ ಹೇಳುವ ಕತೆಯೇ ಬರುತ್ತದೆ. ನೀವು ತೂಬು ಎತ್ತುತ್ತಿದ್ದದ್ದು ಹೇಗೆ ಎಂದು ಕೇಳಿದರೆ ಎದ್ದು ನಿಂತು ತೋರಿಸುತ್ತಾರೆ. ನಮ್ಮೂರ ಬಳಿಯ ಹಿರಿಯರೊಬ್ಬರನ್ನು ನಾನು ಹೀಗೆ ಕೇಳಿದಾಗ ಅವರು ಮಾತಾಡಲಿಲ್ಲ. ಕೈಯಲ್ಲಿದ್ದ ಕೋಲನ್ನು ಎರಡು ಅಂಗೈಗಳ ನಡುವೆ ನೆಟ್ಟಗೆ ಹಿಡಿದು, ಮೆಲ್ಲಗೆ ತಿರುಗಿಸುತ್ತ, ಒಂದು ಗೇಣಿನಷ್ಟು ಮೇಲೆತ್ತಿ ನಿಲ್ಲಿಸಿದರು. ಪೂರ್ತಿ ಎತ್ತಿದರೆ ಏನಾಗುತ್ತದೆ ಎಂದೆ. ‘ಪೂರ್ತಿ ಎತ್ತಿದ್ರೆ ಮತ್ತೆ ಕೂರಿಸೋಕೆ ನೀರೊಳಗೆ ಇಳೀಬೇಕು, ಸ್ವಾಮಿ, ಒತ್ತಡ ಬಿಡಲ್ಲ’ ಎಂದರು. ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ ಎಂಬುದನ್ನು ಹೈಸ್ಕೂಲಿನಲ್ಲಿ ಓದಿ ಅಂಕ ತೆಗೆದುಕೊಂಡಿದ್ದ ನನಗೆ ಅದು ಅರ್ಥವಾದದ್ದು ಆ ಗೇಣು ಎತ್ತರದಲ್ಲಿ ನಿಂತ ಕೋಲಿನಿಂದ. ಮನೆಗೆ ಬಂದು ಭೌತಶಾಸ್ತ್ರದ ಹಳೆಯ ಪಠ್ಯ ತೆರೆದೆ. ಒತ್ತಡಕ್ಕೆ ಸಂಬಂಧವಿರುವುದು ಆಳದೊಂದಿಗೆ, ನೀರು ಹರಡಿರುವ ವಿಸ್ತಾರದೊಂದಿಗಲ್ಲ. ಆದ್ದರಿಂದಲೇ ಏರಿಯ ಬುಡ ಅಗಲ, ತಲೆ ಕಿರಿದು. ನೂರು ಎಕರೆಯ ಕೆರೆಯಾಗಲಿ ಹತ್ತು ಎಕರೆಯ ಕೆರೆಯಾಗಲಿ, ಆಳ ಒಂದೇ ಆದರೆ ಬುಡದ ಮೇಲಿನ ಒತ್ತಡ ಒಂದೇ.

ಕೇಳಿದ್ದನ್ನು ಅವರ ಮಾತಿನಲ್ಲೇ, ಅವರ ಪದಗಳಲ್ಲೇ ಅದೇ ದಿನ ಬರೆದಿಡಿ. ನಿಮ್ಮ ವಿವರಣೆಯನ್ನು ಪಕ್ಕದ ಪುಟದಲ್ಲಿ ಬೇರೆ ಬಣ್ಣದಲ್ಲಿ ಬರೆಯಿರಿ; ಎರಡೂ ಬೆರೆತರೆ ಮುಂದೆ ಯಾರು ಏನು ಹೇಳಿದರೆಂದು ಬಿಡಿಸಲಾಗುವುದಿಲ್ಲ.

ಆಮೇಲೆ ಪುಸ್ತಕ, ಅದರಲ್ಲೂ ಚಿಕ್ಕದು ಮೊದಲು

ಹೊಸ ವಿಷಯಕ್ಕೆ ಕಾಲಿಡುವಾಗ ಮಕ್ಕಳಿಗಾಗಿ ಬರೆದ ಪುಸ್ತಕದಿಂದ ಆರಂಭಿಸಲು ನಾಚಬೇಕಾಗಿಲ್ಲ. ಕಾರಂತರು ಮಕ್ಕಳಿಗೆಂದು ಮೂರು ಸಂಪುಟಗಳ ಬಾಲಪ್ರಪಂಚವನ್ನು 1936ರಲ್ಲೇ ತಂದರು. ನಾಲ್ಕು ಸಂಪುಟಗಳ ವಿಜ್ಞಾನ ಪ್ರಪಂಚ ಬಂದದ್ದು ಅದಾಗಿ ಎರಡು ದಶಕಗಳಿಗೂ ಹೆಚ್ಚು ಕಾಲವಾದ ಮೇಲೆ. ಮಕ್ಕಳಿಗೆ ಅರ್ಥವಾಗುವಂತೆ ಹೇಳಲು ಹೊರಟವನಿಗೆ ತನಗೆ ಅರ್ಥವಾಗದ ಕಡೆ ಬೇಗ ತಿಳಿಯುತ್ತದೆ, ಓದುವವನಿಗೂ ಅಷ್ಟೆ.

ಮನೆಯಲ್ಲಿ ಒಂದು ನಿಘಂಟು ಇರಲಿ. ಕಿಟೆಲರ 1894ರ ಕನ್ನಡ-ಇಂಗ್ಲಿಷ್ ನಿಘಂಟು ಈಗ ಅಂತರಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಹಳಗನ್ನಡದ ಪ್ರಯೋಗಗಳನ್ನೂ ಕೊಡುತ್ತದೆ. ಒಂದು ವಿಷಯದ ಹರಹು ತಿಳಿಯಲು ಮೈಸೂರು ವಿಶ್ವವಿದ್ಯಾನಿಲಯದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶ ಜಿಲ್ಲಾ ಗ್ರಂಥಾಲಯಗಳಲ್ಲಿ ಧೂಳು ಹಿಡಿದು ಕುಳಿತಿರುತ್ತದೆ, ಬೇಕೆಂದಾಗ ಸದಾ ಸಿಗುತ್ತದೆ ಎಂಬುದು ಆ ಧೂಳಿನಿಂದಾಗುವ ಒಂದು ಉಪಕಾರ.

ಶಾಸನಗಳಿಗೆ ಹೆದರಬೇಡಿ. ಬಿ.ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯ ಕರ್ನಾಟಿಕ ಎಂಬ ಶಾಸನ ಸಂಗ್ರಹದ ಸಂಪುಟಗಳನ್ನು ಜಿಲ್ಲೆ, ತಾಲ್ಲೂಕುಗಳ ಪ್ರಕಾರ ಜೋಡಿಸಿದ್ದಾರೆ. ಕೋಲಾರ ಜಿಲ್ಲೆಯದು ಹತ್ತನೆಯ ಸಂಪುಟ, 1905ರದು. ಕನ್ನಡ ಲಿಪಿಯಲ್ಲಿ ಮೂಲ ಪಾಠ, ಜೊತೆಗೆ ಇಂಗ್ಲಿಷ್ ಅನುವಾದ ಇರುವುದರಿಂದ ಹಳಗನ್ನಡ ಬಾರದವರೂ ಎರಡನ್ನೂ ಎದುರುಬದುರು ಇಟ್ಟುಕೊಂಡು ಓದಬಹುದು. ನಿಮ್ಮ ತಾಲ್ಲೂಕಿನ ಭಾಗವನ್ನು ತೆರೆದು ಕೆರೆ ಎಂಬ ಪದ ಬಂದ ಕಡೆಯೆಲ್ಲ ಗುರುತು ಹಾಕಿ. ಬಿತ್ತುವಟ್ಟ, ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ: ಕೆರೆಯನ್ನು ಕಟ್ಟಿಸಿದವರಿಗೆ, ಕಾಪಾಡಿಕೊಂಡು ಬರುವವರಿಗೆ ಬಿಟ್ಟುಕೊಟ್ಟ ಭೂಮಿಯ ಹೆಸರುಗಳು ಅವು. ಲೆಕ್ಕಪತ್ರ ಬಲ್ಲ ನನ್ನ ಸ್ನೇಹಿತರೊಬ್ಬರು ಇದನ್ನು ಓದಿ, ಇದು ದಾನವಲ್ಲ, ನಿರ್ವಹಣಾ ವೆಚ್ಚಕ್ಕೆ ಕಟ್ಟಿಟ್ಟ ನಿಧಿ ಎಂದರು. ಬೇರು ಕೆಲಸ ಮಾಡುವುದು ಹೀಗೆಯೇ. ಅವರ ಕಣ್ಣಿಗೆ ಬಿದ್ದದ್ದು ಇತಿಹಾಸ ಓದಿದ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕೆರೆಯ ಶಾಸ್ತ್ರವನ್ನೇ ಹೇಳುವ ಒಂದು ಶಾಸನವೂ ಇದೆ. ಇಂದಿನ ಆಂಧ್ರದ ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನ ಅದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಸಾವಿರ ಜನ ಕೂಲಿಗಳು, ನೂರು ಬಂಡಿಗಳು, ಎರಡು ವರ್ಷದ ಕೆಲಸ ಎಂದು ಲೆಕ್ಕವನ್ನೂ ಕೊಡುತ್ತದೆ. ಏರಿಯಿಂದ ನೀರು ಜಿನುಗುವುದು, ಸವುಳು ನೆಲ, ಕೆರೆಯ ನಡುವೆ ದಿಬ್ಬ, ನೀರು ಕಡಿಮೆ ಇದ್ದು ನೆಲ ಹೆಚ್ಚಿರುವುದು, ನೆಲ ಕಡಿಮೆ ಇದ್ದು ನೀರು ಹೆಚ್ಚಿರುವುದು ದೋಷಗಳು. ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದೂ ಒಂದು ದೋಷ. ಈ ಕೊನೆಯದನ್ನು ಓದಿದಾಗ ಕಾವೇರಿ, ಕೃಷ್ಣೆಯ ನೆನಪಾಗಿ ನಗು ಬಾರದ ಕನ್ನಡಿಗ ಇರಲಾರ. ಅಂಗಗಳ ಪಟ್ಟಿಯಲ್ಲಿ ನೀರಿನ ಶಾಸ್ತ್ರ ಬಲ್ಲವನೊಬ್ಬನೂ ಇರಬೇಕೆಂದಿದೆ. ಈ ಹನ್ನೆರಡು ಮತ್ತು ಆರನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ನಿಮ್ಮ ಊರ ಕೆರೆಗೆ ಒಂದೊಂದಾಗಿ ಹಚ್ಚಿ ನೋಡಿ.

ಒರೆಗೆ ಹಚ್ಚುವುದು

ಹಲವು ಕ್ಷೇತ್ರಗಳಲ್ಲಿ ಓಡಾಡುವವನಿಗೆ ದೊಡ್ಡ ಅಪಾಯ, ಒಂದರಲ್ಲಿ ಗಳಿಸಿದ ಧೈರ್ಯವನ್ನು ಇನ್ನೊಂದಕ್ಕೆ ಹಾಗೆಯೇ ಹೊತ್ತುಕೊಂಡು ಹೋಗುವುದು. ಸ್ವಾಮಿಯಂಥವರು ತಮಿಳಿನ ಪ್ರಾಚೀನತೆಯ ಬಗ್ಗೆ ಬರೆದದ್ದೂ ತೀವ್ರ ವಿವಾದಕ್ಕೆ ಒಳಗಾಯಿತು. ಯಾರು ಸರಿ ಎಂಬ ತೀರ್ಪು ನನ್ನ ಕೆಲಸವಲ್ಲ. ಅನ್ಯ ಕ್ಷೇತ್ರಕ್ಕೆ ಹೋದಾಗ ಅಲ್ಲಿಯವರು ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರಬೇಕಾಗುತ್ತದೆ ಎಂಬುದಷ್ಟೇ ನಮಗೆ ಬೇಕಾದದ್ದು.

ನನ್ನ ತಪ್ಪೊಂದನ್ನು ಹೇಳುತ್ತೇನೆ. ಊರ ಹಿರಿಯರೆಲ್ಲ ಇದು ಚೋಳರ ಕಾಲದ ಕೆರೆ ಎನ್ನುತ್ತಿದ್ದರು. ನಮ್ಮ ಕಡೆ ಹಳೆಯದೆಲ್ಲ ಚೋಳರದೇ. ನಾನೂ ಹಾಗೆಯೇ ಬರೆದುಕೊಂಡು, ಒಂದು ಸಣ್ಣ ಸಭೆಯಲ್ಲಿ ಹೇಳಿಯೂ ಬಿಟ್ಟೆ. ಆಮೇಲೆ ತೂಬಿನ ಬಳಿಯ ಕಲ್ಲಿನ ಶಕವರ್ಷ ಓದಿದಾಗ ಅದು ವಿಜಯನಗರದ ಕಾಲದ್ದಾಗಿತ್ತು. ಆ ದಿನದಿಂದ ಎರಡು ನಿಯಮ ಮಾಡಿಕೊಂಡೆ. ಒಂದು, ಶಕವರ್ಷಕ್ಕೆ 78 ಕೂಡಿಸಿ ಇಸವಿ ತಿಳಿಯುವುದು. ಎರಡು, ಶಾಸನದಲ್ಲಿರುವ ಸಂವತ್ಸರದ ಹೆಸರಿನಿಂದ ಅದನ್ನು ತಾಳೆ ನೋಡುವುದು. ಪೋರುಮಾಮಿಳ್ಳದ್ದು ಶಕ 1291, ಸೌಮ್ಯ ಸಂವತ್ಸರ. 78 ಕೂಡಿಸಿದರೆ 1369. ಸಂವತ್ಸರಗಳು ಅರುವತ್ತು ವರ್ಷಕ್ಕೊಮ್ಮೆ ಮರಳುತ್ತವೆ. 1969ರ ಯುಗಾದಿಗೆ ಆರಂಭವಾದದ್ದೂ ಸೌಮ್ಯವೇ, ನಡುವೆ 600 ವರ್ಷ, ಸರಿಯಾಗಿ ಹತ್ತು ಸುತ್ತು. ಲೆಕ್ಕ ಕೂಡಿತು. ಮನೆಯ ಪಂಚಾಂಗ ಚರಿತ್ರೆಯ ಉಪಕರಣವಾಗುವುದು ಹೀಗೆ.

ಹಳೆಯ ಗ್ರಂಥಗಳನ್ನೂ ಒರೆಗೆ ಹಚ್ಚಬೇಕು. ನಮ್ಮಲ್ಲಿ ಎಲ್ಲ ವಿದ್ಯೆಗಳನ್ನು ಒಂದೆಡೆ ಕೂಡಿಸುವ ಪರಂಪರೆ ದೊಡ್ಡದು: 11ನೇ ಶತಮಾನದ ಎರಡನೆಯ ಚಾವುಂಡರಾಯನ ಲೋಕೋಪಕಾರ, 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ನೂರು ಅಧ್ಯಾಯಗಳಾಗಿ ರಚಿಸಿದ ಮಾನಸೋಲ್ಲಾಸ, 18ನೇ ಶತಮಾನದ ಆರಂಭದಲ್ಲಿ ಕೆಳದಿಯ ಬಸವಪ್ಪ ನಾಯಕ ಬರೆದ ಶಿವತತ್ತ್ವರತ್ನಾಕರ. ಲೋಕೋಪಕಾರದಲ್ಲಿ ನೆಲದೊಳಗಿನ ನೀರನ್ನು ಮರ, ಹುತ್ತಗಳ ಗುರುತಿನಿಂದ ಕಂಡುಹಿಡಿಯುವ ಭಾಗವಿದೆ. ಅದನ್ನು ಮೂಢನಂಬಿಕೆ ಎಂದು ತಳ್ಳುವುದೂ ಸೋಮಾರಿತನ, ಪೂರ್ವಜರ ವಿಜ್ಞಾನ ಎಂದು ತಲೆಯ ಮೇಲೆ ಹೊರುವುದೂ ಸೋಮಾರಿತನ. ನಿಮ್ಮೂರಿನ ಇಪ್ಪತ್ತು ಬಾವಿಗಳ ಪಕ್ಕ ಯಾವ ಮರಗಳಿವೆ ಎಂದು ಎಣಿಸಿ ಬರೆಯಿರಿ. ಬತ್ತಿದ ಬಾವಿಗಳ ಪಕ್ಕದ ಮರಗಳನ್ನೂ ಎಣಿಸುವುದನ್ನು ಮರೆಯಬೇಡಿ.

ಒಂದು ಶಾಸ್ತ್ರದಿಂದ ಇನ್ನೊಂದಕ್ಕೆ

ಇಷ್ಟು ಹೊತ್ತಿಗೆ ಕೆರೆ ನಿಮ್ಮನ್ನು ತಾನೇ ಎಳೆದುಕೊಂಡು ಹೋಗುತ್ತಿರುತ್ತದೆ. ಕೆರೆಗಳು ಹೂಳು ತುಂಬಿ ಬತ್ತಿದಾಗ ಕೋಲಾರ, ಚಿಕ್ಕಬಳ್ಳಾಪುರದ ರೈತರು ಕೊಳವೆಬಾವಿ ತೋಡಿದರು. ನೀರು ಕೆಳಗಿಳಿದಂತೆ ಬಾವಿಯನ್ನು ಇನ್ನೂ ಆಳಕ್ಕೆ ಇಳಿಸಿದರು. ಗಟ್ಟಿ ಶಿಲೆಯ ಆಳದಿಂದ ಬಂದ ನೀರಿನಲ್ಲಿ ಫ್ಲೋರೈಡ್ ಹೆಚ್ಚಿತ್ತು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಮೀರಿದ ಕಡೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ವರ್ಷಾನುಗಟ್ಟಲೆ ಕುಡಿದವರ ಮೂಳೆ ಬಿಗಿಯುತ್ತದೆ. ಶಾಲಾ ಮಗುವಿನ ನಗುವಿನಲ್ಲಿ ಕಾಣುವ ಕಲೆಯ ಹಿಂದೆ ಭೂಗರ್ಭಶಾಸ್ತ್ರ, ರಸಾಯನಶಾಸ್ತ್ರ, ಕೃಷಿಯ ಅರ್ಥಶಾಸ್ತ್ರ ಮೂರೂ ನಿಂತಿವೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಎರಡು ಹಂತದ ಸಂಸ್ಕರಣೆ ಸಾಕೇ, ಮೂರನೆಯದೂ ಬೇಕೇ ಎಂಬ ವಾದದಲ್ಲಿ ಪಕ್ಷ ವಹಿಸುವ ಮೊದಲು ಆ ಹಂತಗಳು ಏನೇನೆಂದು ಕಲಿಯಿರಿ. ಒಂದು ಭಾನುವಾರ ಸಾಕು.

ಹಕ್ಕಿಗಳ ಕಡೆಗೂ ಒಂದು ದಾರಿ ಇದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದು ರಾಮ್ಸರ್ ತಾಣಗಳ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ, ಪಟ್ಟಿಗೆ ಸೇರಿತು. ಈ ದಾರಿಯಲ್ಲಿ ನಾನು ಹೆಚ್ಚು ದೂರ ಹೋಗಿಲ್ಲ, ಆದ್ದರಿಂದ ಹೆಚ್ಚು ಹೇಳುವುದಿಲ್ಲ.

ಎಲ್ಲ ದಾರಿಗಳಲ್ಲೂ ಸಮನಾಗಿ ಹೋಗಬೇಕಾಗಿಲ್ಲ. ಬೇರಿನ ವಿಷಯವೊಂದು, ನಿಮ್ಮದೇ ಆಗಿ ಬೆಳೆಯುವ ಕೊಂಬೆಗಳು ಎರಡು. ಉಳಿದವುಗಳಲ್ಲಿ ಸರಿಯಾದ ಪ್ರಶ್ನೆ ಕೇಳುವಷ್ಟು, ಯಾರನ್ನು ಕೇಳಬೇಕೆಂದು ತಿಳಿಯುವಷ್ಟು ಪರಿಚಯವಿದ್ದರೆ ಧಾರಾಳವಾಯಿತು. ಬಿಡುವುದನ್ನೂ ಕಲಿಯಿರಿ. ಕಾರಂತರು 1930ರ ಆಸುಪಾಸಿನಲ್ಲಿ ಮೂಕಿ ಚಿತ್ರಗಳನ್ನೂ ತೆಗೆದರು; ಜೀವಮಾನವಿಡೀ ಅದನ್ನೇ ಹಿಡಿದು ಕೂರಲಿಲ್ಲ.

ಜೊತೆ, ಸಮಯ, ಬರವಣಿಗೆ

ಒಬ್ಬರೇ ಮಾಡಿದರೆ ಮೂರನೆಯ ತಿಂಗಳಿಗೆ ಉತ್ಸಾಹ ಇಳಿಯುತ್ತದೆ. ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, ಕಾವ್ಯದಿಂದ ರಾಜ್ಯಶಾಸ್ತ್ರದವರೆಗೆ ಜನ ಒಟ್ಟಿಗೆ ಕುಳಿತು ಓದುವ ಗೋಷ್ಠಿಗಳನ್ನು ನಡೆಸಿದರು. ಮೆಟ್ರಿಕ್ಯುಲೇಷನ್ ಕೂಡ ದಾಟದ ಪತ್ರಕರ್ತ ಕಟ್ಟಿದ ಸಂಸ್ಥೆ ಅದು. ನಿಮಗೆ ಸಂಸ್ಥೆ ಬೇಡ, ಬೇರೆ ಬೇರೆ ಕಸುಬಿನ ಮೂವರು ಸಾಕು. ಒಂದೇ ವಿಷಯದ ಮೂವರಿದ್ದರೆ ಅದು ಹರಟೆಯಾಗುತ್ತದೆ.

ಸಮಯದ ಬಗ್ಗೆ ಒಂದು ಮಾತು. ನಮ್ಮ ಬಹುಶ್ರುತರ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಕಡಿಮೆ ಇರುವುದು ಅವರಿಗೆ ಕುತೂಹಲವಿರಲಿಲ್ಲವೆಂದಲ್ಲ. ಗಂಡಸರ ಬಿಡುವನ್ನು ಮನೆಯಲ್ಲಿ ಯಾರೋ ದುಡಿದು ಕೊಡುತ್ತಿದ್ದರು. ವೈದ್ಯೆಯಾಗಿಯೂ ಕಾದಂಬರಿಕಾರ್ತಿಯಾಗಿಯೂ ಕೆಲಸ ಮಾಡಿ, ತಾಯಂದಿರಿಗಾಗಿ ಆರೋಗ್ಯದ ಪುಸ್ತಕಗಳನ್ನೂ ಬರೆದ ಅನುಪಮಾ ನಿರಂಜನರು ಆ ಬಿಡುವನ್ನು ಹೇಗೆ ಹೊಂದಿಸಿಕೊಂಡರೋ ಎಂದು ನನಗೆ ಯಾವಾಗಲೂ ಆಶ್ಚರ್ಯ. ಭಾನುವಾರ ಬೆಳಿಗ್ಗೆ ನೀವು ಕೆರೆ ಏರಿಯ ಮೇಲಿದ್ದರೆ ತಿಂಡಿ ಮಾಡುವವರು ಯಾರು ಎಂಬುದನ್ನು ಮನೆಯಲ್ಲಿ ಮೊದಲೇ ಮಾತಾಡಿ ತೀರ್ಮಾನಿಸಿಕೊಳ್ಳಿ. ಒಂದು ವಾರ ನೀವು, ಒಂದು ವಾರ ಅವರು ಎಂದಾದರೆ ಇಬ್ಬರಿಗೂ ಒಂದೊಂದು ನೋಟ್‌ಬುಕ್ಕು ಆಗುತ್ತದೆ.

ಒಂದು ಕೆರೆಗೆ ಒಂದು ವರ್ಷ ಕೊಡಿ, ಮುಂಗಾರಿನಿಂದ ಮುಂದಿನ ಬೇಸಿಗೆಯ ತನಕ. ತುಂಬಿದಾಗ ಕಾಣದ ತೂಬಿನ ಬುಡ, ಹಳೆಯ ಹೂಳಿನ ಪದರ, ಒಡೆದ ಮಡಕೆಯ ಚೂರುಗಳು ಬತ್ತಿದಾಗ ಕಾಣುತ್ತವೆ. ವರ್ಷದ ಕೊನೆಗೆ ಹತ್ತು ಪುಟಗಳಲ್ಲಿ ಎಲ್ಲವನ್ನೂ ಕನ್ನಡದಲ್ಲಿ, ಊರಿನ ಹೈಸ್ಕೂಲು ಮಕ್ಕಳಿಗೆ ಅರ್ಥವಾಗುವಂತೆ ಬರೆಯಿರಿ. ಪಾರಿಭಾಷಿಕ ಪದ ಸಿಗದೆ ತಡವರಿಸಿದಾಗ ಹಿಂದಿನ ಪುಟಗಳ ಪದಪಟ್ಟಿಯನ್ನು ತಿರುವಿ ನೋಡಿ. ಇಂಗ್ಲಿಷಿನಿಂದ ಹೊಸದಾಗಿ ಟಂಕಿಸಲು ಹೊರಟ ಎಷ್ಟೋ ಪದ ನೀರುಗಂಟಿಯ ಬಾಯಲ್ಲಿ ಆಗಲೇ ಇರುತ್ತದೆ. ಒಂದು ಪ್ರತಿಯನ್ನು ಶಾಲೆಗೆ, ಒಂದನ್ನು ಗ್ರಾಮ ಪಂಚಾಯಿತಿಗೆ ಕೊಡಿ, ಒಂದನ್ನು ನಿಮಗೆ ಹೇಳಿಕೊಟ್ಟ ಹಿರಿಯರಿಗೆ ಓದಿ ಹೇಳಿ. ಅವರು ತಿದ್ದಿದ್ದನ್ನು ಅಂಚಿನಲ್ಲಿ ಬರೆದುಕೊಳ್ಳಿ.

ಉತ್ತರ ಸಿಗದ ಪ್ರಶ್ನೆಗಳನ್ನು ಕೊನೆಯ ಪುಟದಲ್ಲಿ ಬೇರೆಯಾಗಿ ಬರೆದಿಡಿ, ಮುಂದಿನ ವರ್ಷದ ವಸ್ತು ಅದರಿಂದಲೇ ಹುಟ್ಟುತ್ತದೆ. ನನ್ನ ಪುಟದಲ್ಲಿ ಈಗ ಉಳಿದಿರುವುದು ತೂಬಿನ ಕಂಬಗಳ ಮೇಲಿನ ಅಡ್ಡಗಲ್ಲಿನಲ್ಲಿ ಕೆತ್ತಿರುವ ಗಜಲಕ್ಷ್ಮಿ: ಎರಡು ಆನೆಗಳು ಅವಳ ತಲೆಯ ಮೇಲೆ ನೀರು ಸುರಿಯುತ್ತಿವೆ, ಬಲಗಡೆಯ ಆನೆಯ ಸೊಂಡಿಲು ಮುರಿದಿದೆ. ಅವಳನ್ನು ನೀರಿನ ಕಡೆಗೆ ಮುಖ ಮಾಡಿ ಕೂರಿಸಿದ್ದಾರೆ, ಗದ್ದೆಯ ಕಡೆಗಲ್ಲ. ಪಕ್ಕದ ಊರಿನ ಕೆರೆಯಲ್ಲಿ ಯಾವ ಕಡೆಗಿದ್ದಾಳೆಂದು ಬರುವ ಭಾನುವಾರ ನೋಡಿಕೊಂಡು ಬರಬೇಕು.